ನರ್ಸ್‌ಗಳ ಓಇಟಿ ಪರೀಕ್ಷೆಗೆ ಆನ್‌ಲೈನ್ ಕೋಚಿಂಗ್: ಒಂದು ವರ್ಷ ಬಳಸಿದ ಮೇಲೆ

ಓಇಟಿ ಅಂದರೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಹೊರದೇಶಕ್ಕೆ ಕೆಲಸಕ್ಕೆ ಹೋಗುವ ನರ್ಸ್, ಡಾಕ್ಟರ್ ಮುಂತಾದವರ ಇಂಗ್ಲಿಷ್ ಪರೀಕ್ಷೆ. ಮೊದಲೇ ಹೇಳಿಬಿಡುತ್ತೇನೆ. ಈ ಕೋಚಿಂಗ್‌ನಲ್ಲಿ ಎರಡಕ್ಕೆ ಮಾತ್ರ ನಾನು ಕೊಟ್ಟ ದುಡ್ಡು ಸಾರ್ಥಕ ಆಯಿತು. ಒಂದು, ನಾನು ಬರೆದ ಪತ್ರಗಳನ್ನು ಒಬ್ಬರು ಕೂತು ಸಾಲು ಸಾಲಾಗಿ ತಿದ್ದಿದ್ದು. ಇನ್ನೊಂದು, ಮಾತಿನ ಅಭ್ಯಾಸಕ್ಕೆ ಎದುರಿಗೆ ಒಬ್ಬರು ಸಿಕ್ಕಿದ್ದು. ಉಳಿದದ್ದನ್ನೆಲ್ಲ ಮನೆಯಲ್ಲೇ, ಬಹುತೇಕ ಪುಕ್ಕಟೆಯಾಗಿ ಮಾಡಿಕೊಳ್ಳಬಹುದು.

ನಾನು ಗದಗ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್ಸಿ ನರ್ಸಿಂಗ್. ಈಗ ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಕೆಲಸ. ಕೇಸ್ ಶೀಟ್, ಹ್ಯಾಂಡೋವರ್ (ಡ್ಯೂಟಿ ಬದಲಾಗುವಾಗ ಮುಂದಿನ ನರ್ಸ್‌ಗೆ ರೋಗಿಯ ವಿವರ ಹೇಳುವುದು), ರೌಂಡ್ಸ್ ಎಲ್ಲ ಇಂಗ್ಲಿಷಲ್ಲೇ ನಡೆಯುತ್ತದೆ. ರೋಗಿಗಳ ಜೊತೆ ಕನ್ನಡ. ನಮ್ಮ ಕಡೆ ಇಂಥ ನರ್ಸ್‌ಗಳು ಬಹಳ ಜನ ಇದ್ದಾರೆ. ಇಂಗ್ಲಿಷ್ ಓದಿದರೆ ಗೊತ್ತಾಗುತ್ತದೆ, ಕೇಳಿದರೆ ಗೊತ್ತಾಗುತ್ತದೆ. ಒಂದು ಪುಟ ಬರೆಯಿರಿ ಅಂದರೆ ಕೈ ಓಡುವುದಿಲ್ಲ. ಈ ವಿಮರ್ಶೆ ಅವರಿಗಾಗಿ.

ಬ್ರಿಟನ್‌ನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಅಲ್ಲಿನ ನರ್ಸಿಂಗ್ ಕೌನ್ಸಿಲ್, ಅಂದರೆ ಎನ್‌ಎಂಸಿ, ಐಇಎಲ್‌ಟಿಎಸ್ (ಯಾವ ಕೆಲಸದವರೂ ಬರೆಯುವ ಸಾಮಾನ್ಯ ಇಂಗ್ಲಿಷ್ ಪರೀಕ್ಷೆ) ಮತ್ತು ಓಇಟಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಆದರೆ ಕೇಳುವುದು, ಓದುವುದು, ಮಾತಾಡುವುದರಲ್ಲಿ 7, ಬರವಣಿಗೆಯಲ್ಲಿ 6.5 ಬೇಕು. ಓಇಟಿ ಆದರೆ ಮೊದಲ ಮೂರರಲ್ಲಿ ಬಿ ಗ್ರೇಡ್, ಅಂದರೆ 500ಕ್ಕೆ 350. ಬರವಣಿಗೆಯಲ್ಲಿ ಸಿ ಪ್ಲಸ್, ಅಂದರೆ 300 ಸಾಕು. ಓಇಟಿ ಶುಲ್ಕ ಜಾಸ್ತಿ. ನಾನು ಕಟ್ಟಿದಾಗ ಆಸ್ಟ್ರೇಲಿಯಾ ಡಾಲರ್‌ನಲ್ಲಿತ್ತು, ರೂಪಾಯಿಯಲ್ಲಿ ಮೂವತ್ತು ಸಾವಿರ ದಾಟಿತ್ತು. ಹಾಗಿದ್ದರೂ ನಾನು ಅದನ್ನೇ ಆರಿಸಿಕೊಂಡೆ. ಐಇಎಲ್‌ಟಿಎಸ್‌ನಲ್ಲಿ ನಗರಗಳ ಬೆಳವಣಿಗೆ ಬಗ್ಗೆಯೋ ಮಕ್ಕಳ ಮೊಬೈಲ್ ಬಳಕೆ ಬಗ್ಗೆಯೋ 250 ಪದದ ಪ್ರಬಂಧ ಬರೆಯಬೇಕಾಗಬಹುದು. ಓಇಟಿಯಲ್ಲಿ ರೋಗಿಯ ಟಿಪ್ಪಣಿ ಕೊಡುತ್ತಾರೆ, ಪತ್ರ ಬರೆಯಬೇಕು. ಅದು ನನ್ನ ದಿನದ ಕೆಲಸ. ಬೇರೆ ವಿಷಯಗಳ ಬಗ್ಗೆ ಚೆನ್ನಾಗಿ ಬರೆಯಬಲ್ಲವರಿಗೆ ಐಇಎಲ್‌ಟಿಎಸ್ ಅಗ್ಗ, ಅದನ್ನೇ ಮಾಡಲಿ.

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ ಕೋಚಿಂಗ್‌ಗಳು ಸಾಲಾಗಿವೆ. ಆದರೆ ನರ್ಸ್‌ಗಳ ಪತ್ರ ತಿದ್ದಿ ಪಳಗಿದವರು ನಾನು ಹುಡುಕಿದಾಗ ಹತ್ತಿರದಲ್ಲಿ ಸಿಗಲಿಲ್ಲ. ನಮ್ಮ ವಾರ್ಡಿನ ಮಲಯಾಳಿ ಸಿಸ್ಟರ್ ಒಬ್ಬರು ಕೇರಳದ ಒಂದು ಆನ್‌ಲೈನ್ ಕ್ಲಾಸ್ ಹೇಳಿದರು. ಅದಕ್ಕೇ ಸೇರಿದೆ. ಹೆಸರು ಬರೆಯುತ್ತಿಲ್ಲ. ಇಂಥ ಕ್ಲಾಸ್‌ಗಳು ಬಹಳ ಇವೆ, ಪ್ಯಾಕೇಜ್‌ಗಳೂ ಹೆಚ್ಚುಕಡಿಮೆ ಒಂದೇ ಥರ: ಸಂಜೆ ಲೈವ್ ಕ್ಲಾಸ್, ರೆಕಾರ್ಡ್ ಮಾಡಿದ ವಿಡಿಯೊಗಳು, ಪದಗಳ ಪಿಡಿಎಫ್, ಮಾಕ್ ಟೆಸ್ಟ್, ಪತ್ರ ತಿದ್ದುವಿಕೆ, ಒಬ್ಬೊಬ್ಬರಾಗಿ ಮಾತಿನ ಅಭ್ಯಾಸ.

ಪತ್ರದ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಲೇಬೇಕು. ಐದು ನಿಮಿಷ ಟಿಪ್ಪಣಿ ಓದಲು, ನಲವತ್ತು ನಿಮಿಷ ಬರೆಯಲು. ಸುಮಾರು 180ರಿಂದ 200 ಪದ. ಟಿಪ್ಪಣಿಯಲ್ಲಿ ಬೇಕಾದದ್ದೂ ಬೇಡವಾದದ್ದೂ ಕಲಸಿಕೊಂಡು ಇರುತ್ತದೆ. ಒಂದು ಅಭ್ಯಾಸ ಪತ್ರದಲ್ಲಿ ಸೊಂಟದ ಕೀಲು ಬದಲಿಸಿದ ವಯಸ್ಸಾದ ಹೆಂಗಸು ಮನೆಗೆ ಹೋಗುತ್ತಾರೆ. ಮನೆಗೆ ಬಂದು ನೋಡಿಕೊಳ್ಳುವ ನರ್ಸ್‌ಗೆ ಪತ್ರ. ಹಳೆಯ ಅಪೆಂಡಿಕ್ಸ್ ಆಪರೇಷನ್ ಇದೆ, ಮೊದಲಿನ ಉದ್ಯೋಗ ಇದೆ, ಮನೆಗೆ ಮೆಟ್ಟಿಲಿರುವುದೂ ಇದೆ. ಆ ನರ್ಸ್‌ಗೆ ಬೇಕಾದದ್ದು ಗಾಯದ ಸ್ಥಿತಿ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಇಂಜೆಕ್ಷನ್, ವಾಕರ್, ಆ ಮೆಟ್ಟಿಲು. ಹ್ಯಾಂಡೋವರ್ ಕೊಟ್ಟು ರೂಢಿಯಾದ ನಾವು ಅಡ್ಮಿಟ್ ಆದ ದಿನದಿಂದ ಶುರು ಮಾಡಿ ದಿನದ ಲೆಕ್ಕದಲ್ಲಿ ಹೇಳುತ್ತಾ ಹೋಗುತ್ತೇವೆ. ತಿದ್ದುವ ಮೇಡಂ ಅದನ್ನೇ ಹಿಡಿದರು. "ಈ ಪತ್ರ ಯಾಕೆ ಬಂತು ಅಂತ ಓದುವವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗಬೇಕು, ಸಿಸ್ಟರ್" ಅಂತ ಪ್ರತಿ ಸಲ ಬರೆಯುತ್ತಿದ್ದರು. ಅದಕ್ಕೇ ಬೇರೆ ಅಂಕ ಇದೆ. ಬರವಣಿಗೆಗೆ ಆರು ಅಳತೆಗಳಿವೆ, ಅವುಗಳಲ್ಲಿ ಪತ್ರದ ಉದ್ದೇಶವೂ ಒಂದು.

ಇನ್ನೊಂದು ವಿಷಯ ಯಾವ ವಿಡಿಯೊದಲ್ಲೂ ಇರಲಿಲ್ಲ. ಕೇಸ್ ಶೀಟಿನಲ್ಲಿ ನಾವು ಬರೆಯುವುದು ತುಂಡು ಇಂಗ್ಲಿಷ್. 'ಎ' ಇಲ್ಲ, 'ದ' ಇಲ್ಲ, ಎಷ್ಟೋ ಸಲ ಕ್ರಿಯಾಪದವೂ ಇಲ್ಲ. ವಾರ್ಡಿನಲ್ಲಿ ಅದೇ ಸರಿ, ಬೇಗ ಆಗುತ್ತದೆ. ಪತ್ರದಲ್ಲಿ ಅದಕ್ಕೆ ಅಂಕ ಹೋಗುತ್ತದೆ. ಕನ್ನಡದಲ್ಲಿ 'ಎ', 'ದ' ಥರದ್ದು ಇಲ್ಲದ್ದರಿಂದ ಬಿಟ್ಟದ್ದು ನಮ್ಮ ಕಣ್ಣಿಗೂ ಬೀಳುವುದಿಲ್ಲ. ಬೇರೆಯವರು ಕೆಂಪು ಗೆರೆ ಎಳೆದಾಗಲೇ ಕಾಣುವುದು. ಮೇಡಂ ಬರೀ ಗ್ರೇಡ್ ಕೊಟ್ಟು ಬಿಡುತ್ತಿರಲಿಲ್ಲ. ಅದೇ ಪತ್ರವನ್ನು ಮತ್ತೆ ಬರೆಸುತ್ತಿದ್ದರು. ಹೊಸ ಪತ್ರ ಬರೆದದ್ದಕ್ಕಿಂತ ಹಳೆಯದನ್ನು ತಿರುಗಿ ಬರೆದಾಗ ನಾನು ಜಾಸ್ತಿ ಕಲಿತೆ.

ಮಾತಿನ ಪರೀಕ್ಷೆಯಲ್ಲಿ ಎರಡು ಸನ್ನಿವೇಶ. ಕಾರ್ಡ್ ಕೊಡುತ್ತಾರೆ, ಮೂರು ನಿಮಿಷ ಯೋಚಿಸಲು, ಐದು ನಿಮಿಷ ಮಾತು. ನಾವು ನರ್ಸ್, ಎದುರಿಗಿರುವವರು ರೋಗಿ ಅಥವಾ ಅವರ ಮನೆಯವರು. ಇಲ್ಲಿ ವ್ಯಾಕರಣಕ್ಕೆ ಮಾತ್ರ ಅಂಕ ಅಲ್ಲ. ರೋಗಿಯ ಭಯ ಕೇಳಿಸಿಕೊಂಡಿರಾ, ಅವರಿಗೆ ಈಗಾಗಲೇ ಏನು ಗೊತ್ತು ಅಂತ ವಿಚಾರಿಸಿದಿರಾ, ಹಂತ ಹಂತವಾಗಿ ಹೇಳಿದಿರಾ, ಇದಕ್ಕೂ ಅಂಕ. ಇದು ಓದಿದಾಗ ನನಗೆ ಧೈರ್ಯ ಬಂತು. ಹುಬ್ಬಳ್ಳಿಯ ವಾರ್ಡಿನಲ್ಲಿ ದಿನಾ ಮಾಡುವುದು ಇದನ್ನೇ ಅಲ್ವಾ? "ಇನ್ಸುಲಿನ್ ಒಮ್ಮೆ ಚಾಲೂ ಮಾಡಿದ್ರ ಬಿಡಾಕ ಬರೂದಿಲ್ಲಂತಲ್ರೀ ಸಿಸ್ಟರ್" ಅನ್ನುವ ಅಜ್ಜಿಗೆ ನಾವು ಭಾಷಣ ಮಾಡುವುದಿಲ್ಲ. ಪಕ್ಕ ಕೂತು, ಯಾರು ಹೇಳಿದ್ರಿ ಅಮ್ಮಾ ಅಂತ ಕೇಳುತ್ತೇವೆ. ಆಮೇಲೆ ಒಂದೊಂದೇ ಹೇಳುತ್ತೇವೆ. ನಾನು ಡ್ಯೂಟಿಯಲ್ಲಿ ಕನ್ನಡದಲ್ಲಿ ಆಡಿದ ಇಂಥ ಮಾತನ್ನು ರಾತ್ರಿ ಇಂಗ್ಲಿಷಲ್ಲಿ ಮತ್ತೆ ಆಡಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ವಾರದ ಅಭ್ಯಾಸದಲ್ಲಿ ಮೇಡಂ ರೋಗಿಯಾಗಿ ಬೇಕಂತಲೇ ಸಿಟ್ಟು ಮಾಡುತ್ತಿದ್ದರು, ಮಾತು ನಡುವೆ ತಡೆಯುತ್ತಿದ್ದರು. ಅದು ಒಬ್ಬರೇ ಕನ್ನಡಿ ಮುಂದೆ ಮಾಡಿದರೆ ಬರುವುದಿಲ್ಲ. ಇಂಗ್ಲಿಷ್‌ನವರ ಥರ ಎಳೆದು ಮಾತಾಡುವ ಅಗತ್ಯ ಇಲ್ಲ. ಕೇಳಿದವರಿಗೆ ಸ್ಪಷ್ಟವಾಗಿ ತಿಳಿಯಬೇಕು, ಅಷ್ಟೇ. ಪದದ ಕೊನೆಗೆ 'ಉ' ಸೇರಿಸುವ ನಮ್ಮ ರೂಢಿ ಬಿಟ್ಟರೆ ಅರ್ಧ ಕೆಲಸ ಆದಂತೆ.

ಕೇಳುವ ಭಾಗಕ್ಕೆ ಕ್ಲಾಸ್ ಬೇಕಿಲ್ಲ. ಆಡಿಯೊ ಒಂದೇ ಸಲ ಹಾಕುತ್ತಾರೆ, ಬ್ರಿಟಿಷ್, ಆಸ್ಟ್ರೇಲಿಯನ್ ಉಚ್ಚಾರಣೆ ಬರುತ್ತದೆ. ಕಿವಿ ಹದವಾಗಲು ದಿನಾ ಕೇಳಬೇಕು. ನಾನು ಚಿಗರಿ ಬಸ್ಸಿನಲ್ಲಿ ಹೋಗಿ ಬರುವಾಗ ಆಸ್ಟ್ರೇಲಿಯಾದ ಎಬಿಸಿ ರೇಡಿಯೊದ ಹೆಲ್ತ್ ರಿಪೋರ್ಟ್ ಕೇಳುತ್ತಿದ್ದೆ. ಓದುವ ಭಾಗದಲ್ಲಿ ಮೊದಲ ಹದಿನೈದು ನಿಮಿಷಕ್ಕೆ ಇಪ್ಪತ್ತು ಪ್ರಶ್ನೆ, ನಾಲ್ಕು ಪಠ್ಯ. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಓಇಟಿಯವರ ವೆಬ್‌ಸೈಟಿನಲ್ಲೇ ಮಾದರಿ ಪ್ರಶ್ನೆಪತ್ರಿಕೆ ಪುಕ್ಕಟೆ ಸಿಗುತ್ತವೆ. ಪ್ಯಾಕೇಜಿನ ಮಾಕ್ ಟೆಸ್ಟ್‌ಗಿಂತ ಅವೇ ವಾಸಿ. ಪ್ಯಾಕೇಜಿನ ಕೆಲವು ಉತ್ತರಗಳೇ ತಪ್ಪಿದ್ದವು. ಹೇಳಿದ ಮೇಲೂ ಅವರು ಬದಲಿಸಲಿಲ್ಲ.

ಬೇಸರ ಬಂದದ್ದೂ ಇದೆ. ಪತ್ರ ಎರಡು ದಿನದಲ್ಲಿ ತಿದ್ದಿ ಕೊಡುತ್ತೇವೆ ಅಂದವರು ಪರೀಕ್ಷೆ ಹತ್ತಿರ ಬಂದಾಗ ವಾರ ಮಾಡಿದರು. ನೈಟ್ ಡ್ಯೂಟಿ ಇದ್ದಾಗ ಲೈವ್ ಕ್ಲಾಸ್ ತಪ್ಪಿದರೆ ಬದಲಿ ಬ್ಯಾಚ್ ಕೊಡಲಿಲ್ಲ. ಸಾವಿರಾರು ಪದಗಳ ಪಿಡಿಎಫ್ ಸುಮ್ನೆ ಮೊಬೈಲ್ ತುಂಬಿತು. ಕೊನೆಗೆ ಯಾವುದೋ ಏಜೆಂಟ್ ನಂಬರ್ ಕೊಟ್ಟು, ಅವರ ಮೂಲಕವೇ ಹೋಗಿ ಅಂತ ಒತ್ತಾಯ ಬೇರೆ. ಬ್ರಿಟನ್ ಸರ್ಕಾರದ ನೇಮಕಾತಿ ನಿಯಮಗಳ ಪ್ರಕಾರ ಕೆಲಸ ಕೊಡಿಸಲು ಏಜೆನ್ಸಿ ನರ್ಸ್ ಹತ್ತಿರ ಶುಲ್ಕ ತೆಗೆದುಕೊಳ್ಳಬಾರದು. ಯಾರಾದರೂ ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ.

ನನ್ನ ಫಲಿತಾಂಶ: ಕೇಳುವುದು 380, ಓದುವುದು 370, ಮಾತು 360, ಬರವಣಿಗೆ 330. ಬ್ರಿಟನ್‌ಗೆ ಇಷ್ಟು ಸಾಕು. ಒಂದು ಭಾಗ ಸ್ವಲ್ಪದರಲ್ಲಿ ತಪ್ಪಿದವರು ಎದೆಗುಂದಬೇಡಿ. ಹನ್ನೆರಡು ತಿಂಗಳ ಒಳಗೆ ಬರೆದ ಎರಡು ಪರೀಕ್ಷೆಗಳನ್ನು ಎನ್‌ಎಂಸಿ ಒಟ್ಟಿಗೆ ನೋಡುತ್ತದೆ, ಒಂದರಲ್ಲಿ ತಪ್ಪಿದ ಭಾಗಕ್ಕೆ ಇನ್ನೊಂದರ ಅಂಕ ನಡೆಯುತ್ತದೆ. ಆದರೆ ಎರಡರಲ್ಲೂ ಬರವಣಿಗೆ ಸಿ, ಉಳಿದ ಮೂರು ಸಿ ಪ್ಲಸ್‌ಗಿಂತ ಕೆಳಗೆ ಹೋಗಿರಬಾರದು.

ಒಟ್ಟು ಪ್ಯಾಕೇಜ್‌ಗೆ ಐದರಲ್ಲಿ ಮೂರು ಕೊಡುತ್ತೇನೆ, ಆ ಮೇಡಂಗೆ ಐದಕ್ಕೆ ಐದು. ಸೇರುವ ಮೊದಲು ಕ್ಲಾಸಿನವರಿಗೆ ಮೂರು ಪ್ರಶ್ನೆ ಕೇಳಿ: ಎಷ್ಟು ಪತ್ರ ತಿದ್ದುತ್ತೀರಿ, ಯಾರು ತಿದ್ದುತ್ತಾರೆ, ತಿದ್ದಿದ ಒಂದು ಪತ್ರ ತೋರಿಸುತ್ತೀರಾ? ತೋರಿಸದಿದ್ದರೆ ಬೇರೆ ಕಡೆ ನೋಡಿ. ಪತ್ರ ತಿದ್ದುವುದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ, ಅದು ಅಗ್ಗ.

ಪರೀಕ್ಷೆ ದಿನಾಂಕ ಬುಕ್ ಮಾಡುವ ಮುಂಚೆ ಪಾಸ್‌ಪೋರ್ಟ್ ಕೈಯಲ್ಲಿರಲಿ. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಪರೀಕ್ಷೆಗೆ ಕೊಡುವ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಅಡ್ಡಹೆಸರು. ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರದಲ್ಲೂ ಹೆಸರು ಹೊಂದುತ್ತದಾ ನೋಡಿಕೊಳ್ಳಿ. ಭಾಷಾ ಪರೀಕ್ಷೆಯ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ. ಹೆಸರು ತಿದ್ದಿಸಲು ಕಚೇರಿ ಅಲೆಯುವ ಕೆಲಸ ಇದ್ದರೆ ಅದನ್ನು ಮುಗಿಸಿಯೇ ಶುಲ್ಕ ಕಟ್ಟಿ.