ಹಳೇ ಮಿಲಿಟರಿ ಹೆಲ್ಮೆಟ್ ಕೊಳ್ಳುವವರು ದಯವಿಟ್ಟು ಓದಿ

ಕಾಸರಗೋಡು, ಮಂಜೇಶ್ವರ ಕಡೆ ಹಳೇ ಸಾಮಾನು ಕೂಡಿಡುವ ಹುಚ್ಚಿನವರು ಸಾಕಷ್ಟು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧಕಾಲದ ಹೆಲ್ಮೆಟ್ ಮಾರುವವರು "ಸ್ವಲ್ಪ ರೆಡಿ ಮಾಡಿ ಕಳಿಸ್ತೇನೆ" ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ನಾನು ಹುಡುಕುವುದು ಯುದ್ಧ ಮುಗಿದ ಮೇಲೆ ಮತ್ತೆ ಬಳಕೆಗೆ ಬಂದವನ್ನು. 1945ರಲ್ಲಿ ಜರ್ಮನ್ನರು ನಾರ್ವೆಯಲ್ಲಿ ಬಿಟ್ಟುಹೋದ ಹೆಲ್ಮೆಟ್‌ಗಳಿಗೆ ಅಲ್ಲಿನ ಸೇನೆ ಹಸಿರು ಬಣ್ಣ ಬಳಿದು ತನ್ನವರಿಗೆ ಕೊಟ್ಟಿತು. 1951ರಲ್ಲಿ ಶುರುವಾದ ಪಶ್ಚಿಮ ಜರ್ಮನಿಯ ಗಡಿ ಕಾವಲು ಪಡೆಯೂ ಹಳೆಯವನ್ನೇ ಹಾಕಿಕೊಂಡಿತು. ಇನ್ನು ಜರ್ಮನಿಯ ಹಳ್ಳಿಗಳಲ್ಲಿ ತೂತು ಕೊರೆದು ಜರಡಿ ಮಾಡಿದರು, ಉದ್ದನೆ ಹಿಡಿ ಸಿಕ್ಕಿಸಿ ಗೊಬ್ಬರದ ನೀರು ಮೊಗೆದರು. ಯುದ್ಧಕ್ಕಿಂತ ಆಮೇಲಿನ ಈ ಕಥೆಯೇ ನನಗೆ ಜಾಸ್ತಿ ಇಷ್ಟ.

ಬೆಂಗಳೂರಿನ ಒಬ್ಬ ವ್ಯಾಪಾರಿಯ ಹತ್ತಿರ ನಾರ್ವೆಯಲ್ಲಿ ಬಳಸಿದ ಎಂ40, ಅಂದರೆ 1940ರ ಮಾದರಿಯ ಜರ್ಮನ್ ಹೆಲ್ಮೆಟ್ ಒಂದಿತ್ತು. ಫೋಟೋದಲ್ಲಿ ಹಸಿರು ಬಣ್ಣ ಅಲ್ಲಲ್ಲಿ ಎದ್ದು ಅಡಿಯ ಬೂದು ಬಣ್ಣ ಕಾಣುತ್ತಿತ್ತು, ಎಷ್ಟು ಚೆನ್ನಾಗಿತ್ತು ಅಂದರೆ! "ಇದ್ದ ಹಾಗೇ ಬೇಕು, ಒರೆಸಲೂ ಬೇಡಿ" ಅಂತ ವಾಟ್ಸಾಪ್‌ನಲ್ಲಿ ಬರೆದೇ ದುಡ್ಡು ಹಾಕಿದ್ದೆ. ಪಾರ್ಸೆಲ್ ಬಿಚ್ಚಿದರೆ ಥಿನ್ನರ್ ವಾಸನೆ. ಹಸಿರು ಇಲ್ಲವೇ ಇಲ್ಲ. ಮರಳು ಕಾಗದದಲ್ಲಿ ಉಕ್ಕು ಕಾಣುವ ತನಕ ಉಜ್ಜಿ, ಹೊಸ ಬೂದು ಬಣ್ಣ ಹೊಡೆದು, ಯುದ್ಧಕಾಲದ ಜರ್ಮನ್ ಸೇನೆಯದ್ದರ ಹಾಗೆ ಎಡಕ್ಕೆ ಹದ್ದಿನ ಸ್ಟಿಕ್ಕರ್, ಬಲಕ್ಕೆ ಕಪ್ಪು ಬಿಳಿ ಕೆಂಪು ಗುರಾಣಿ ಅಂಟಿಸಿ, ಹಳೆಯದು ಅನ್ನಿಸಲಿ ಅಂತ ಅದರ ಮೇಲೆ ಮೊಳೆಯಿಂದ ಗೀರಿದ್ದರು. ಒಳಗಿನ ಚರ್ಮವೂ ಹೊಸದು. ಹಿಡಿದುಕೊಳ್ಳುವ ಮೂರು ರಿವೆಟ್‌ಗಳು ಫಳಫಳ ಹೊಳೆಯುತ್ತಿದ್ದವು. ಎಡಗಡೆ ಒಳಮೈಯಲ್ಲಿ ಒತ್ತಿದ "ಇಟಿ 64" ಮಾತ್ರ ಉಳಿದಿತ್ತು, ಅಂದರೆ ಜರ್ಮನಿಯ ತಾಲೆ ಊರಿನ ಕಾರ್ಖಾನೆಯದ್ದು, ಅಳತೆ 64. ಉಕ್ಕು ಅಸಲಿಯೇ ಮಾರಾಯ್ರೇ! ಅಸಲಿಯನ್ನೇ ಕೈಯಾರೆ ನಕಲಿ ಮಾಡಿಟ್ಟಿದ್ದಾರೆ.

ಫೋನ್ ಮಾಡಿದೆ. "ಸರ್, ಈಗ ಡಬಲ್ ರೇಟ್ ಸಿಗುತ್ತೆ, ನಿಮಗೆ ಉಪಕಾರ ಮಾಡಿದ್ದೀನಿ" ಅಂದ. ವಾಪಸ್ ತಗೊಳ್ಳಿ ಅಂದಿದ್ದಕ್ಕೆ ನಂಬರ್ ಬ್ಲಾಕ್. ದುಡ್ಡು ಹೋದ ಬೇಜಾರು ಒಂದು ಕಡೆ, ಆ ಹಸಿರು ಬಣ್ಣ ಇನ್ನು ಯಾರು ಏನು ಮಾಡಿದರೂ ಬರುವುದಿಲ್ಲವಲ್ಲ, ಅದೇ ಹೊಟ್ಟೆ ಉರಿಸುತ್ತದೆ. ಮುಂದೆ ಯಾರ ಕೈಗೆ ಹೋದರೂ ಮೋಸ ಆಗದಿರಲಿ ಅಂತ ಏನೇನು ಬದಲಾಗಿದೆ ಎಂದು ಬರೆದು ಒಳಗೆ ಚೀಟಿ ಅಂಟಿಸಿದ್ದೇನೆ.

ಯುದ್ಧಕಾಲದ ಸ್ಟಿಕ್ಕರ್ ಇದ್ದರೆ ಬೆಲೆ ಏರುತ್ತದೆ, ಮರುಬಳಕೆಯದ್ದಕ್ಕೆ ಕಡಿಮೆ. ಈ ದಂಧೆ ನಡೆಯುವುದೇ ಅದರಿಂದ. ಹಾಗಾಗಿ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಜರ್ಮನ್ ಸೇನೆ ಮೂರು ಬಣ್ಣದ ಗುರಾಣಿಯನ್ನು 1940ರಲ್ಲೇ, ಹದ್ದನ್ನು 1943ರಲ್ಲಿ ಕೈಬಿಟ್ಟಿತು. ಆಮೇಲಿನ ಎಂ42 ಮಾದರಿ ಬಂದದ್ದೇ 1942ರಲ್ಲಿ, ಅದರ ಅಂಚು ಒಳಕ್ಕೆ ಮಡಚಿರುವುದಿಲ್ಲ, ಹೊರಕ್ಕೆ ಚಾಚಿರುತ್ತದೆ. ಅಂಥದ್ದರ ಮೇಲೆ ಸೇನೆಯ ಎರಡೂ ಸ್ಟಿಕ್ಕರ್ ಇದ್ದರೆ ಸುಮ್ನೆ ಕೆಳಗಿಟ್ಟು ಬನ್ನಿ. ಉಪ್ಪಳದ ಗೆಳೆಯರೊಬ್ಬರಿಗೆ ಇಂಥದ್ದನ್ನೇ ತೋರಿಸಿದ್ದರು. ಅಂಗಡಿಗಳಲ್ಲಿ ಕಳ್ಳ ನೋಟು ಹಿಡಿಯುವ ನೀಲಿ ಟಾರ್ಚ್ ಇರುತ್ತದಲ್ವಾ, ಅದನ್ನು ಒಳಗಿನ ಹೊಲಿಗೆಗೆ ಹಿಡಿಯಿರಿ. ನೂಲು ಬೆಳ್ಳಗೆ ಬೆಳಗಿದರೆ ಅದು ಈಚಿನದ್ದು.

ನಮ್ಮ ಕಡೆ ಜಾಸ್ತಿ ಸಿಗುವುದು ತಟ್ಟೆ ಕವುಚಿದ ಹಾಗಿರುವ ಬ್ರಿಟಿಷ್ ಮಾದರಿ. ಇಂಗ್ಲೆಂಡಿನಲ್ಲಿ ಮಾಡಿದ ಕೆಲವಕ್ಕೆ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಅದು ಹಾಳಾದದ್ದಲ್ಲ. ರಣರಂಗಕ್ಕೆ ಸಾಲದ ಉಕ್ಕು ಅಂತ ಗುರುತು ಹಾಕಿ ವಾಯುದಾಳಿ ರಕ್ಷಣೆಯ ನಾಗರಿಕರಿಗೆ ಕೊಟ್ಟದ್ದು. ಆ ತೂತುಗಳಿಗೆ ಪುಟ್ಟಿ ತುಂಬಿ "ಸೈನಿಕರದ್ದು" ಅಂತ ಮಾರುವುದನ್ನೂ ಕಂಡಿದ್ದೇನೆ. ಬೆರಳಾಡಿಸಿದರೆ ಗೊತ್ತಾಗುತ್ತದೆ.

ಬರೆದು ಕೊಟ್ಟರೂ ನನಗೆ ಹೀಗಾಯಿತು, ಆದ್ದರಿಂದ ಮೆಸೇಜ್ ನಂಬಬೇಡಿ. ಅಲ್ಲೇ ಇರುವ ಯಾರನ್ನಾದರೂ ಕಳಿಸಿ, ಹಗಲು ಬೆಳಕಿನಲ್ಲಿ ಒಳಗಿನದ್ದೆಲ್ಲ ತೋರಿಸಿ ವಿಡಿಯೋ ಕಾಲ್ ಮಾಡಿಸಿ, ವಸ್ತು ಅವರ ಕೈಗೆ ಬಂದ ಮೇಲೇ ದುಡ್ಡು ಕೊಡಿ. ಆ ವ್ಯಾಪಾರಿಯ ಫೋಟೋಗಳಲ್ಲಿ ಇನ್ನೂ ಹಸಿರು ಬಣ್ಣದವು ಕಾಣುತ್ತಿವೆ. ಬೆಂಗಳೂರಿನಲ್ಲಿ ಇರುವವರು ಯಾರಾದರೂ ಉಜ್ಜುವ ಮೊದಲೇ ಹೋಗಿ ತಗೊಳ್ಳಿ.