ಪ್ರೊಜೆಕ್ಟರ್ ಪಾಸ್, ಸ್ಪೀಕರ್ ಫೇಲ್

ಹೋದ ಶನಿವಾರ ತುಮಕೂರಿನ ಒಂದು ಅಂಗಡಿಯಿಂದ ಪ್ರೊಜೆಕ್ಟರ್, ಪರದೆ, ಸ್ಪೀಕರ್ ಮೂರನ್ನೂ ಬಾಡಿಗೆಗೆ ತಂದೆ. ದಿನಕ್ಕೆ 900 ರೂಪಾಯಿ, ಠೇವಣಿ 2000. ಅಂಗಡಿ ಹೆಸರು ಹಾಕಲ್ಲ. ಹುಡುಗರು ಒಳ್ಳೆಯವರೇ, ಸಾಮಾನು ಮಾತ್ರ ಅರ್ಧಂಬರ್ಧ.

ತಂದಿದ್ದು ಅಜ್ಜಿಗೋಸ್ಕರ. ಪಾವಗಡದ ಕಡೆಯವರು, ತೆಲುಗು ನೀರು ಕುಡಿದಷ್ಟು ಸಲೀಸು. ಹಳೇ ಕಾಲದ ನಟಿ ಬಿ. ಜಯಮ್ಮ ಅಂದ್ರೆ ಪ್ರಾಣ. ಹಾಗಾಗಿ ಮಹಡಿ ಮೇಲೆ 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ ಹಾಕಿದೆ. ನಾಗಯ್ಯ ಗಂಡ, ಜಯಮ್ಮ ಹೆಂಡತಿ, ಆ ಗಂಡ ಭಾನುಮತಿ ಹಿಂದೆ ಬಿದ್ದು ಮನೆಯನ್ನೇ ಮರೆಯುತ್ತಾನೆ.

ಕತ್ತಲಾದ ಮೇಲೆ ಚಿತ್ರ ಚೆನ್ನಾಗೇ ಬಂತು. ಫ್ಯಾನ್ ಸದ್ದು ಮಾತ್ರ ಪಕ್ಕದ ಮನೇಲಿ ಮಿಕ್ಸಿ ಹಾಕಿದ ಹಾಗೆ. ಸ್ಪೀಕರ್ ಅರ್ಧ ಗಂಟೆ ಗೊರಗೊರ ಅಂದು ಪಟ್ ಅಂತ ನಿಂತೇ ಹೋಯ್ತು. ವೈರ್ ಅಲ್ಲಾಡಿಸಿದೆ, ತಲೆ ಮೇಲೆ ಎರಡು ತಟ್ಟಿದೆ, ಉಹೂಂ. ಫೋನ್ ಮಾಡಿದ್ರೆ ‘ನಾಳೆ ತನ್ನಿ ಸಾರ್, ನೋಡೋಣ’ ಅಂದ್ರು. ನಾಳೆ ನೋಡಿ ನಾನೇನು ಮಾಡಲಿ?

ಆಫ್ ಮಾಡೋಕೆ ಹೋದ್ರೆ ಅಜ್ಜಿ ಬಿಡಲಿಲ್ಲ. ‘ಓಡ್ಲಿ ಬಿಡೋ, ಆಯಮ್ಮ ಶುರು ಮಾಡಿದ್ದೇ ಮೂಕಿಯಲ್ಲಿ!’

ನಿಜ ಅಲ್ವಾ! ನಮ್ಮ ಗುಬ್ಬಿ ವೀರಣ್ಣನವರು ನಾಟಕದ ಜೊತೆಗೆ ಮೂಕಿ ಚಿತ್ರಕ್ಕೂ ಕೈ ಹಾಕಿದಾಗ, 1931ರ ‘ಹಿಸ್ ಲವ್ ಅಫೇರ್’, 1932ರ ‘ಹರಿ ಮಾಯಾ’ದಲ್ಲಿ ಜಯಮ್ಮ ಇದ್ದರು. ಆಗಿನ್ನೂ ಹದಿನಾರು, ಹದಿನೇಳು ವಯಸ್ಸು. ಕನ್ನಡ ಚಿತ್ರಕ್ಕೆ ಮಾತು ಬಂದದ್ದೇ 1934ರಲ್ಲಿ, ‘ಸತಿ ಸುಲೋಚನಾ’ದಿಂದ. ತಮಾಷೆ ನೋಡಿ, ಕಂಪನಿ ನಾಟಕದಲ್ಲಿ ಹಾಡಿ ಹೆಸರು ಮಾಡಿದ ಹೆಂಗಸು, ಪರದೆಗೆ ಮೊದಲು ಬಂದದ್ದು ಬಾಯಿ ತೆರೆದರೂ ಸದ್ದು ಬರದ ಚಿತ್ರಗಳಲ್ಲಿ.

ಹಾಗೇ ಸುಮ್ನೆ ನೋಡಿದ್ವಿ. ಮಾತಿಲ್ಲದೆ ಬರೀ ಜಯಮ್ಮನ ಕಣ್ಣು ನೋಡ್ತಾ ಕೂತ್ರೂ ಕಥೆ ಎಲ್ಲೂ ಕೈ ತಪ್ಪಲಿಲ್ಲ. ಮಧ್ಯೆ ಮಧ್ಯೆ ಅಜ್ಜಿ ತೆಲುಗಿನಲ್ಲೇ ನಾಗಯ್ಯನಿಗೆ ಬೈದದ್ದು ಕೇಳಿ ಪಕ್ಕದ ಮನೆಯವರೂ ಮಹಡಿಗೆ ಬಂದ್ರು. ಆ ಸ್ಪೀಕರ್‌ಗಿಂತ ಅಜ್ಜಿಯ ದನಿಯೇ ಜಾಸ್ತಿ ಸ್ಪಷ್ಟವಾಗಿತ್ತು, ಸುಳ್ಳಲ್ಲ.

ಭಾನುವಾರ ವಾಪಸ್ ಕೊಟ್ಟಾಗ ಠೇವಣಿ ಪೂರ್ತಿ ಬಂತು, ಬಾಡಿಗೇಲಿ 200 ಬಿಟ್ಟರು, ಅದೂ ನಾನು ಜಗಳಕ್ಕೆ ನಿಂತ ಮೇಲೆ. ಐದಕ್ಕೆ ಮೂರು. ಪ್ರೊಜೆಕ್ಟರ್ ಧೈರ್ಯವಾಗಿ ತನ್ನಿ, ಸ್ಪೀಕರ್ ಮನೆಯದ್ದೇ ಇಟ್ಟುಕೊಳ್ಳಿ. ಅಜ್ಜಿ ಈಗ 1953ರ ‘ಗುಣಸಾಗರಿ’ ಬೇಕು ಅಂತ ಕೂತಿದ್ದಾರೆ, ಅದಕ್ಕೆ ಭಾವನ ಬ್ಲೂಟೂತ್ ಸ್ಪೀಕರ್ ಕೇಳಿ ಇಟ್ಟಿದ್ದೀನಿ.