ಒಂದು ಸಲ ಒತ್ತಿದರೆ ಎರಡು ಸಲ

ಅಚ್ಚಾಗಿ ಬಂದ ಪುಸ್ತಕದ ಏಳನೆಯ ಅಧ್ಯಾಯ ತಿದ್ದುಪಡಿಗೆ ಮುಂಚಿನದ್ದು ಎಂದು ಲೇಖಕರು ಫೋನ್ ಮಾಡಿ ಹೇಳಿದಾಗ ನಾನು ಒಪ್ಪಲಿಲ್ಲ. ತಿದ್ದಿದ ಫೈಲನ್ನು ಅಂತಿಮ ಪ್ರತಿಗಳ ಫೋಲ್ಡರಿಗೆ ಎಳೆದು ಹಾಕಿದ್ದು ನನಗೆ ಚೆನ್ನಾಗಿ ನೆನಪಿತ್ತು. ಹುಡುಕಿ ನೋಡಿದರೆ ಅದು ಪಕ್ಕದ ‘ಚಿತ್ರಗಳು’ ಎಂಬ ಫೋಲ್ಡರಿನಲ್ಲಿ ತಣ್ಣಗೆ ಕುಳಿತಿತ್ತು. ಎಳೆದೊಯ್ಯುವಾಗ ನಡುದಾರಿಯಲ್ಲಿ ಜಾರಿ ಬಿದ್ದಿತ್ತು. ಹಳೆಯ ಪ್ರತಿ ಮಾತ್ರ ತನ್ನ ಜಾಗ ಬಿಟ್ಟು ಕದಲದೆ, ಅಲ್ಲಿಂದ ನೇರವಾಗಿ ಮುದ್ರಣಾಲಯಕ್ಕೆ ಹೋಗಿತ್ತು.

ಲೇಖಕರ ಕ್ಷಮೆ ಕೇಳಿದೆ. ಮರುಮುದ್ರಣದ ಖರ್ಚಿನಲ್ಲಿ ನನ್ನ ಪಾಲು ಹೊತ್ತೆ. ಆದರೆ ಕೈಜಾರಿದ್ದು ನನ್ನ ಬೆರಳಿನಿಂದಲ್ಲ, ಮೌಸಿನಿಂದ ಎಂದು ತಿಳಿಯಲು ಇನ್ನೂ ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳಲ್ಲಿ ನಾನು ಮಾಡಿದ ಪೆದ್ದುತನಗಳನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಪುಟವಿನ್ಯಾಸ ನನ್ನ ಕೆಲಸ. ದಿನಕ್ಕೆ ಒಂಬತ್ತು ಹತ್ತು ಗಂಟೆ ಬಲಗೈ ಮೌಸಿನ ಮೇಲೆಯೇ ಇರುತ್ತದೆ. ನಿಮ್ಮದೂ ಹಾಗೆಯೇ ಇದ್ದರೆ ಮುಂದೆ ಓದಿ.

ಮೌಸಿನ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಒಂದು ಕಿಟಕಿ ಮುಚ್ಚಲು ಹೋದರೆ ಎರಡು ಮುಚ್ಚಿಕೊಳ್ಳುತ್ತಿದ್ದವು. ಆಯ್ಕೆ ಮಾಡಬೇಕೆಂದು ಒಮ್ಮೆ ಒತ್ತಿದ ಫೋಲ್ಡರ್ ತೆರೆದುಕೊಳ್ಳುತ್ತಿತ್ತು. ಒಂದು ಪ್ಯಾರಾ ಗುರುತಿಸುತ್ತಾ ಸಾಗಿದರೆ ಮಧ್ಯದಲ್ಲಿ ಕಡಿದು ಹೋಗಿ, ಕೆಳಗಿನ ಅರ್ಧ ಮಾತ್ರ ಗುರುತಾಗುತ್ತಿತ್ತು. ಇವೆಲ್ಲ ದಿನವಿಡೀ ಆಗುತ್ತಿದ್ದರೆ ಮೊದಲ ವಾರವೇ ಮೌಸ್ ಬದಲಿಸುತ್ತಿದ್ದೆನೇನೋ. ಬೆಳಿಗ್ಗೆ ಎರಡು ಸಲ, ಸಂಜೆ ಒಂದು ಸಲ, ಮತ್ತೆ ಎರಡು ದಿನ ಏನೂ ಇಲ್ಲ. ಹಾಗಾಗಿ ನನ್ನನ್ನೇ ಬೈದುಕೊಂಡೆ. ನಿದ್ದೆ ಸಾಲದು, ವಯಸ್ಸಾಯಿತು, ಗಮನ ಸಾಲದು ಎಂದುಕೊಂಡೆ. ಆಮೇಲೆ ತಂತ್ರಾಂಶವನ್ನು ಬೈದೆ. ಜೋಡಿ ಕ್ಲಿಕ್ಕಿನ ವೇಗದ ಸೆಟ್ಟಿಂಗನ್ನು ಆ ತುದಿಯಿಂದ ಈ ತುದಿಗೆ ಎಳೆದು ನೋಡಿದೆ. ಅದರಿಂದ ಏನೂ ಆಗುವುದಿಲ್ಲ: ಆ ಸೆಟ್ಟಿಂಗ್ ನೂರಾರು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಯೋಚಿಸುತ್ತದೆ, ಕೆಟ್ಟ ಗುಂಡಿ ಅದಕ್ಕಿಂತ ಎಷ್ಟೋ ಬೇಗ ಎರಡನೆಯ ಕ್ಲಿಕ್ ಒಗೆದು ಮುಗಿಸಿರುತ್ತದೆ. ಕೊನೆಗೆ ಒಂದು ಭಾನುವಾರ ಪೂರ್ತಿ ಕುಳಿತು ಕಂಪ್ಯೂಟರನ್ನೇ ಅಳಿಸಿ ಹೊಸದಾಗಿ ಸಜ್ಜು ಮಾಡಿದೆ. ಫಾಂಟುಗಳನ್ನು ಮತ್ತೆ ಹಾಕುವಷ್ಟರಲ್ಲಿ ರಾತ್ರಿಯಾಗಿತ್ತು. ಸೋಮವಾರ ಮೊದಲ ಕ್ಲಿಕ್ಕಿಗೇ ಎರಡು ಕಿಟಕಿ ಮುಚ್ಚಿದವು.

ಸತ್ಯ ಹೊರಬಂದದ್ದು ಕೈನೋವಿನಿಂದ. ಅದೇ ಮೌಸಿನ ಇನ್ನೊಂದು ಕೊಡುಗೆ ಅದು. ಚೀಲದಲ್ಲಿ ಹಾಕಿಕೊಂಡು ಓಡಾಡಲು ಹಗುರ, ನೋಡಲು ಚಂದ ಎಂದು ನಾನು ಆರಿಸಿದ್ದು ಚಪ್ಪಟೆಯಾದ, ಪುಟ್ಟ ವೈರ್‌ಲೆಸ್ ಮೌಸ್. ನನ್ನ ಹಸ್ತ ದೊಡ್ಡದು. ಅಂಗೈ ಊರಲು ಅದರ ಮೇಲೆ ಜಾಗವಿರಲಿಲ್ಲ, ಬೆರಳುಗಳನ್ನು ಕೊಕ್ಕೆಯಂತೆ ಮಡಚಿ ಹಿಡಿಯಬೇಕಿತ್ತು. ಮಣಿಕಟ್ಟು ಮೇಜಿನ ಅಂಚಿಗೆ ಒತ್ತಿಕೊಂಡಿರುತ್ತಿತ್ತು. ಹಸ್ತ ಮೇಲಕ್ಕೆ ಬಾಗಿರುತ್ತಿತ್ತು. ಚಲನೆಯೆಲ್ಲ ಮಣಿಕಟ್ಟಿನಿಂದ, ತೋಳಿಗೆ ಏನೂ ಕೆಲಸವಿಲ್ಲ. ಮೊದಲು ಸಂಜೆ ಹೊತ್ತು ಬೆರಳಿಗೆ ಜೋಮು ಹಿಡಿಯಿತು. ಆಮೇಲೆ ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವಂತಾಯಿತು.

ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಕಿರುಬೆರಳಿಗೂ ಜೋಮು ಬರುತ್ತದೆಯೇ?” ಬರುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಅಷ್ಟೇ. ಮಣಿಕಟ್ಟಿನ ಒಳಗಿನ ಕಿರಿದಾದ ದಾರಿಯಲ್ಲಿ ಹಾದುಹೋಗುವ ಮೀಡಿಯನ್ ನರದ ಮೇಲೆ ಒತ್ತಡ ಬಿದ್ದಾಗ ಜೋಮು ಈ ಬೆರಳುಗಳಿಗೆ ಬರುತ್ತದೆ. ಕಿರುಬೆರಳು ಬೇರೆ ನರದ್ದು. ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕೊಟ್ಟರು, ಬಲಗೈಗೆ ಆರು ವಾರ ಮೌಸಿನಿಂದ ರಜೆ ಎಂದರು. ನಿಮಗೂ ಹೀಗಾಗುತ್ತಿದ್ದರೆ ಬರಹಗಳನ್ನು ಓದುತ್ತಾ ಕೂರಬೇಡಿ, ಈ ಬರಹವನ್ನೂ ಸೇರಿಸಿ. ವೈದ್ಯರ ಬಳಿ ಹೋಗಿ. ಹಿಡಿತ ಸಡಿಲವಾಗಿ ಲೋಟ ಕೈಯಿಂದ ಬೀಳುವ ಹಂತದವರೆಗೆ ಕಾಯಬೇಡಿ.

ಮೌಸನ್ನು ಎಡಗೈಗೆ ತಂದೆ. ಎಡ ತೋರುಬೆರಳು ಬಲ ಗುಂಡಿಯ ಮೇಲೆ ಬರುವುದರಿಂದ ಸೆಟ್ಟಿಂಗಿನಲ್ಲಿ ಎರಡೂ ಗುಂಡಿಗಳ ಕೆಲಸ ಅದಲುಬದಲು ಮಾಡಿದೆ. ಅಂದಿನಿಂದ ಕಿಟಕಿಗಳು ಒಂದೊಂದಾಗಿಯೇ ಮುಚ್ಚಿದವು. ಫೈಲುಗಳು ಹೇಳಿದ ಕಡೆಗೆ ಹೋದವು. ಅಭ್ಯಾಸವಿಲ್ಲದ ಎಡಗೈ ತಪ್ಪು ಮಾಡುತ್ತಿಲ್ಲ! ಆದರೆ ಮೆನು ತೆರೆಯಲು ಇನ್ನೊಂದು ಗುಂಡಿ ಒತ್ತಿದಾಗ ಮೆನು ಒಮ್ಮೊಮ್ಮೆ ಮಿಂಚಿ, ಮುಚ್ಚಿ, ಮತ್ತೆ ತೆರೆದುಕೊಳ್ಳುತ್ತಿತ್ತು. ರೋಗ ಗುಂಡಿಯ ಜೊತೆಗೇ ಹೋಗಿತ್ತು. ಕುರ್ಚಿಗೆ ಒರಗಿ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಏಳನೆಯ ಅಧ್ಯಾಯ ನೆನಪಾಗುತ್ತಿತ್ತು.

ಈ ಅದಲುಬದಲು ಪರೀಕ್ಷೆಗೆ ಒಂದು ನಿಮಿಷ ಸಾಕು. ನಿಮಗೆ ಸಂಶಯವಿದ್ದರೆ ಇಂದೇ ಮಾಡಿ. ಇನ್ನೊಂದು ಪರೀಕ್ಷೆ: ಒಂದು ಉದ್ದನೆಯ ಬರಹ ತೆರೆದು, ಗುಂಡಿಯನ್ನು ತೀರಾ ಮೆತ್ತಗೆ ಒತ್ತಿ ಹಿಡಿದು, ನಿಧಾನವಾಗಿ ಪುಟದ ಕೊನೆಯವರೆಗೆ ಗುರುತಿಸುತ್ತಾ ಹೋಗಿ. ಜೋರಾಗಿ ಒತ್ತಿದಾಗ ಸರಿಯಿದ್ದು ಮೆತ್ತಗೆ ಒತ್ತಿದಾಗ ಕಡಿದರೆ ಬೇರೆ ಸಾಕ್ಷಿ ಬೇಡ.

ಒಳಗೆ ಆಗುವುದೇನೆಂದರೆ, ಗುಂಡಿಯ ಕೆಳಗೆ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೈಕ್ರೋಸ್ವಿಚ್ ಇರುತ್ತದೆ. ಅದರೊಳಗೆ ಬಾಗಿದ ತೆಳು ಲೋಹದ ಪಟ್ಟಿ. ನೀವು ಒತ್ತಿದಾಗ ಅದು ಟಕ್ಕೆಂದು ಹಾರಿ ಇನ್ನೊಂದು ಬಿಂದುವಿಗೆ ತಗಲುತ್ತದೆ. ನಾವು ಕೇಳುವ ಸದ್ದು ಅದೇ. ತಗಲುವಾಗ ಪಟ್ಟಿ ಕೆಲವು ಮಿಲಿಸೆಕೆಂಡು ಪುಟಿಯುವುದು ಸಹಜ. ಮೌಸಿನ ಒಳಗಿನ ಚಿಪ್ಪು ಆ ಪುಟಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸ್ವಲ್ಪ ಕಾಯುತ್ತದೆ. ಕಾಲ ಕಳೆದಂತೆ ಪಟ್ಟಿಯ ಬಿಗಿ ಇಳಿಯುತ್ತದೆ, ಬಿಂದುವಿನ ಮೇಲೆ ಕಿಲುಬಿನ ತೆಳುಪೊರೆ ಕಟ್ಟುತ್ತದೆ. ಹೆಚ್ಚು ವಿದ್ಯುತ್ ಹರಿಯುವ ಕಡೆ ಅಂಥ ಪೊರೆ ತಾನೇ ಸುಟ್ಟುಹೋಗುತ್ತದೆ. ಮೌಸಿನಲ್ಲಿ, ಅದರಲ್ಲೂ ಬ್ಯಾಟರಿ ಉಳಿಸಲು ಹೆಣಗುವ ವೈರ್‌ಲೆಸ್ ಮೌಸಿನಲ್ಲಿ, ಹರಿಯುವುದು ಅತ್ಯಲ್ಪ. ಪೊರೆ ಉಳಿಯುತ್ತದೆ, ಸಂಪರ್ಕ ತಗಲಿ ಬಿಟ್ಟು ತಗಲುತ್ತದೆ, ಚಿಪ್ಪು ಅದನ್ನು ಎರಡು ಕ್ಲಿಕ್ ಎಂದು ಓದುತ್ತದೆ. ಒತ್ತಿ ಹಿಡಿದಿರುವಾಗ ಹೀಗಾದರೆ ಕೈಬಿಟ್ಟಂತೆ.

ಇನ್ನು ಡಬ್ಬಿಯ ಮೇಲಿನ ಮಾತು. ನನ್ನದರ ಮೇಲೆ ‘2 ಕೋಟಿ ಕ್ಲಿಕ್’ ಎಂದು ದೊಡ್ಡಕ್ಷರದಲ್ಲಿ ಇತ್ತು. ದಿನಕ್ಕೆ 5,000 ಸಲ ಒತ್ತಿದರೂ 2 ಕೋಟಿ ಮುಟ್ಟಲು ಸುಮಾರು 11 ವರ್ಷ ಬೇಕು. ನನ್ನದು ಒಂಬತ್ತು ತಿಂಗಳಿಗೇ ಕೈಕೊಟ್ಟಿತು. ಆ ಸಂಖ್ಯೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಪಟ್ಟಿ ಮುರಿಯದೆ ಅಷ್ಟು ಸಲ ಹಾರೀತು ಎನ್ನುವುದು ಅದರ ಅರ್ಥ; ಅಷ್ಟೂ ಸಲ ಶುದ್ಧವಾಗಿ ಸಂಪರ್ಕ ಕೊಟ್ಟೀತು ಎಂದಲ್ಲ. 5 ಕೋಟಿ, 8 ಕೋಟಿ ಎಂದು ಬರೆದಿರುವುದನ್ನೂ ಈಗ ಇದೇ ಕಣ್ಣಿನಿಂದ ಓದುತ್ತೇನೆ.

ಇಷ್ಟು ತಿಳಿದ ಮೇಲೆ ಬುದ್ಧಿವಂತ ಏನು ಮಾಡಬೇಕಿತ್ತು? ವಾರಂಟಿಗೆ ಇನ್ನೂ ಮೂರು ತಿಂಗಳಿದ್ದಾಗ ಮೌಸನ್ನು ಹಿಂದಿರುಗಿಸಬೇಕಿತ್ತು. ನಾನು ಸ್ಕ್ರೂಡ್ರೈವರ್ ಹುಡುಕಿದೆ. ಸ್ಕ್ರೂಗಳು ಎಲ್ಲಿಯೂ ಕಾಣಲಿಲ್ಲ. ಅವು ಅಡಿಯಲ್ಲಿ ಅಂಟಿಸಿದ ನುಣುಪು ಪಾದಗಳ ಕೆಳಗಿದ್ದವು. ಪಾದಗಳನ್ನು ಉಗುರಿನಿಂದ ಕಿತ್ತೆ, ಅವು ಸೊಟ್ಟಗಾದವು. ಒಂದು ಸ್ಕ್ರೂ ಲೇಬಲ್ಲಿನ ಕೆಳಗಿತ್ತು, ಲೇಬಲ್ ಹರಿದೆ. ವಾರಂಟಿ ಅಲ್ಲಿಗೆ ಮುಗಿಯಿತು. ಮೇಲಿನ ಹೊದಿಕೆಯನ್ನು ಹಿಡಿದು ಎಳೆದಾಗ ಚಟ್ ಎಂದಿತು. ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಕಾಗದದಷ್ಟು ತೆಳುವಾದ ಚಪ್ಪಟೆ ತಂತಿಯೊಂದು ಇತ್ತು, ಅದನ್ನು ಕಿತ್ತು ಹಾಕಿದ್ದೆ. ಪಕ್ಕದ ಎರಡು ಗುಂಡಿಗಳು ಅಂದೇ ಸತ್ತವು. ಸ್ವಿಚ್ಚಿಗೆ ಸಂಪರ್ಕ ಶುಚಿಗೊಳಿಸುವ ದ್ರವದ ಒಂದು ಹನಿ ಬಿಟ್ಟೆ. ಸರಿಹೋಯಿತು, ನಿಜ. ಹನ್ನೆರಡು ದಿನ.

ಬೆಸುಗೆ ಹಾಕಲು ಬರುವವರಿಗೆ ಸ್ವಿಚ್ ಬದಲಿಸುವುದು ದೊಡ್ಡ ಕೆಲಸವಲ್ಲ. ಹಳೆಯದನ್ನು ಕಳಚಿ, ಅದೇ ಅಳತೆಯ ಹೊಸದನ್ನು ಕೂರಿಸಿದರೆ ಮೌಸಿಗೆ ಮರುಜನ್ಮ. ಬೆಸುಗೆ ಬಾರದವರು, ನನ್ನಂಥವರು, ಮೌಸನ್ನು ತೆರೆಯದೇ ಇರುವುದು ಒಳ್ಳೆಯದು. ಕ್ಲಿಕ್ಕುಗಳ ನಡುವೆ ಕಾಯುವ ಸಮಯ ಹೆಚ್ಚಿಸುವ ತಂತ್ರಾಂಶಗಳಿವೆ. ಹೊಸ ಮೌಸ್ ಬರುವವರೆಗೆ ಅವು ಊರುಗೋಲಾಗಬಲ್ಲವು, ಆದರೆ ಒತ್ತಿ ಹಿಡಿದದ್ದು ಕಡಿಯುವುದನ್ನು ಎಲ್ಲವೂ ತಡೆಯುವುದಿಲ್ಲ. ಮುಖ್ಯವಾದ ಫೈಲುಗಳನ್ನು ಆ ದಿನಗಳಲ್ಲಿ ಎಳೆದು ಹಾಕಬೇಡಿ. ಕೀಲಿಮಣೆಯಿಂದ ಕತ್ತರಿಸಿ ಅಂಟಿಸಿ.

ಈ ನಡುವೆ ಮೌಸಿನ ಎರಡೂ ಪಕ್ಕ ಅಂಟಂಟಾಗತೊಡಗಿದವು. ಮೆತ್ತಗಿನ ರಬ್ಬರಿನಂಥ ಲೇಪನ, ಅಂಗಡಿಯಲ್ಲಿ ಮುಟ್ಟಿದಾಗ ನನ್ನನ್ನು ಮರುಳು ಮಾಡಿದ್ದೇ ಅದು. ತೇವಾಂಶ, ಬೆವರು, ಕೈಯ ಎಣ್ಣೆ ತಗಲಿ ತಗಲಿ ಅಂಥ ಲೇಪನ ಕಾಲಕ್ರಮೇಣ ಒಡೆದು ಜಿಗುಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದೆ, ಡಾಂಬರಿನಂತೆ ಕರಗಿ ಬಟ್ಟೆಗೆ ಬಂತು. ಅರ್ಧ ಗಂಟೆ ಉಜ್ಜಿದ ಮೇಲೆ ಕೆಳಗಿನ ಸಾದಾ ಪ್ಲಾಸ್ಟಿಕ್ ಕಂಡಿತು, ಅದು ಲೇಪನಕ್ಕಿಂತ ಹಿತವಾಗಿಯೇ ಇತ್ತು. ಡಗ್ಲಸ್ ಎಂಗಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿಕೊಟ್ಟ ಮೊದಲ ಮೌಸ್ ಒಂದೇ ಗುಂಡಿಯ ಮರದ ಡಬ್ಬಿ. ಆ ಮರಕ್ಕೆ ಜಿಗುಟು ಹಿಡಿಯುವ ರೋಗವಂತೂ ಇದ್ದಿರಲಾರದು.

ಕೊನೆಯ ಪೆಟ್ಟು ಬ್ಯಾಟರಿಯದ್ದು. ತುರ್ತಿಗೆ ಇರಲಿ ಎಂದು ಆ ಮೌಸನ್ನು ಮೇಜಿನ ಖಾನೆಗೆ ಹಾಕಿದ್ದೆ, ಬ್ಯಾಟರಿ ಸಮೇತ. ಕೆಲವು ತಿಂಗಳ ನಂತರ ತೆರೆದರೆ ಸ್ಪ್ರಿಂಗಿನ ಸುತ್ತ ಬಿಳಿ ಹುಡಿ ಬೂಷ್ಟಿನಂತೆ ಕಟ್ಟಿತ್ತು. ಅಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರ, ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು, ಬರಿಗೈಯಲ್ಲಿ ಕೆರೆಯಬೇಡಿ. ಹತ್ತಿಯ ತುದಿಗೆ ತುಸು ವಿನೆಗರ್ ಹಚ್ಚಿ ಒರೆಸಿದರೆ ಕ್ಷಾರದ ಶಕ್ತಿ ಕುಂದುತ್ತದೆ, ಆಮೇಲೆ ಆಲ್ಕೊಹಾಲಿನಿಂದ ಒರೆಸಿ ಒಣಗಿಸಬೇಕು. ನನ್ನದರ ಸ್ಪ್ರಿಂಗ್ ಅಷ್ಟರಲ್ಲಿ ಹಸಿರು ಹಿಡಿದು ಸವೆದಿತ್ತು.

ಹೊಸ ಮೌಸ್ ಕೊಳ್ಳುವಾಗ ನಾನು ನೋಡಿದ ಮೊದಲ ವಿಷಯ ಅಳತೆ. ಮಧ್ಯದ ಬೆರಳಿನ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಅಳೆದುಕೊಂಡೆ, 20 ಸೆಂಟಿಮೀಟರ್. ಹಳೆಯ ಮೌಸಿನ ಉದ್ದ 9.5. ಹೊಸದು 12.5, ಬೆನ್ನು ಉಬ್ಬಿದೆ, ಅಂಗೈ ಪೂರ್ತಿ ಅದರ ಮೇಲೆ ಮಲಗುತ್ತದೆ. ಅಂಗಡಿಯಲ್ಲಿ ಒಂದು ಕ್ಷಣ ಹಿಡಿದರೆ ಎಲ್ಲವೂ ಹಿತವೇ. ಹತ್ತು ನಿಮಿಷ ಹಿಡಿದು ನಿಂತೆ, ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು, ನೋಡಲಿ. ಕಿರುಬೆರಳು ಮೇಜಿಗೆ ಉಜ್ಜದಿರಬೇಕು, ಹೆಬ್ಬೆರಳು ಹಿಂಡಬೇಕಾಗಿ ಬರಬಾರದು. ಕೈಕುಲುಕುವ ಭಂಗಿಯಲ್ಲಿ ಹಿಡಿಯುವ ನಿಲುವು ಮೌಸನ್ನೂ ಎರಡು ವಾರ ಬಳಸಿದೆ. ಮುಂಗೈ ತಿರುಚುವುದು ಕಡಿಮೆಯಾಗಿ ಹಾಯೆನಿಸಿತು. ಆದರೆ ಅಕ್ಷರಗಳ ನಡುವಿನ ಕೂದಲೆಳೆಯ ಅಂತರ ಸರಿಮಾಡುವ ನನ್ನ ಕೆಲಸಕ್ಕೆ ಗುರಿ ತಪ್ಪುತ್ತಿತ್ತು. ಪತ್ರ ಬರೆಯುವವರಿಗೆ, ಲೆಕ್ಕ ನೋಡುವವರಿಗೆ ಅದು ಒಗ್ಗೀತು.

ಎರಡನೆಯದು, ಆಪ್ಟಿಕಲ್ ಸ್ವಿಚ್. ಇದನ್ನು ಆಪ್ಟಿಕಲ್ ಸೆನ್ಸರ್ ಎಂದುಕೊಂಡು ಮೋಸಹೋಗಬೇಡಿ. ಸೆನ್ಸರ್ ಅಡಿಯಲ್ಲಿದ್ದು ಚಲನೆ ಓದುತ್ತದೆ, ಅದು ಇಂದು ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ನಾನು ಹೇಳುತ್ತಿರುವುದು ಗುಂಡಿಯ ಕೆಳಗಿನ ಸ್ವಿಚ್. ಅದರಲ್ಲಿ ಕ್ಲಿಕ್ ಎಣಿಸುವುದು ಬೆಳಕಿನ ಕಿರಣ, ಲೋಹಕ್ಕೆ ಲೋಹ ತಗಲಿ ಸಂಪರ್ಕ ಕೊಡಬೇಕಾಗಿಲ್ಲ. ಹಾಗಾಗಿ ಕಿಲುಬಿನಿಂದ ಎರಡು ಕ್ಲಿಕ್ ಆಗುವ ಪ್ರಶ್ನೆಯೇ ಇಲ್ಲ. ಬೆರಳಿಗೆ ಸ್ವಲ್ಪ ಗಡುಸು ಎನಿಸುತ್ತದೆ. ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬದಲಿಸುವಂಥ ಮೌಸುಗಳೂ ಇವೆ. ಸಿಕ್ಕರೆ ಅದೂ ಒಳ್ಳೆಯದೇ. ಲೇಪನವಿಲ್ಲದ ಸಾದಾ ಪ್ಲಾಸ್ಟಿಕ್ ಇರಲಿ. ಮೌಸ್ ಎಷ್ಟು ಸೂಕ್ಷ್ಮವಾಗಿ ಚಲನೆ ಓದುತ್ತದೆ ಎಂದು ಹೇಳುವ ಡಿಪಿಐ ಸಂಖ್ಯೆಗೆ ಹಣ ಸುರಿಯಬೇಡಿ. ಡಬ್ಬಿಯ ಮೇಲೆ 16,000 ಎಂದಿದ್ದರೂ ನಾನು ಬಳಸುವುದು 1,200. ತಂತಿಯ ಮೌಸೇ ತೆಗೆದುಕೊಂಡೆ, ತಂತಿಯನ್ನು ಕಳಚಿ ಬದಲಿಸಬಹುದಾದದ್ದು. ಏಕೆಂದರೆ ತಂತಿಯ ಮೌಸುಗಳಲ್ಲಿ ತಂತಿ ಮೊದಲು ಕಡಿಯುವುದು ಅದು ಮೌಸಿನ ಒಳಹೊಗುವ ಕತ್ತಿನಲ್ಲಿ. ವೈರ್‌ಲೆಸ್ ಬೇಕೇ ಬೇಕು ಎನ್ನುವವರು ಅದರ ರಿಸೀವರನ್ನು ಯುಎಸ್‌ಬಿ 3 ಕಿಂಡಿಯಲ್ಲಿ, ಹಾರ್ಡ್ ಡಿಸ್ಕಿನ ಪಕ್ಕ ಸಿಕ್ಕಿಸಬೇಡಿ. ಆ ಕಿಂಡಿ ಹೊಮ್ಮಿಸುವ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗೇ ಅಡ್ಡಬಂದು ತೆರೆಯ ಮೇಲಿನ ಬಾಣ ಕುಂಟುತ್ತದೆ. ಗಿಡ್ಡ ತಂತಿಯೊಂದರ ತುದಿಗೆ ಸಿಕ್ಕಿಸಿ ದೂರವಿಟ್ಟರೆ ಸರಿಹೋಗುತ್ತದೆ.

ಆರೈಕೆ ಹೆಚ್ಚೇನಿಲ್ಲ. ಹದಿನೈದು ದಿನಕ್ಕೊಮ್ಮೆ ತಂತಿ ಕಳಚಿ, ತುಸು ತೇವದ ಬಟ್ಟೆಯಿಂದ ಒರೆಸುತ್ತೇನೆ. ದ್ರವವನ್ನು ಬಟ್ಟೆಗೆ ಹಾಕಬೇಕು, ಮೌಸಿನ ಮೇಲೆ ಸಿಂಪಡಿಸಬಾರದು. ಪಾದಗಳ ಅಂಚಿನಲ್ಲಿ ಕಟ್ಟುವ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆಯುತ್ತೇನೆ. ಸೆನ್ಸರಿನ ಕಿಂಡಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ಬಾಣ ನಡುಗುತ್ತದೆ, ಊದಿದರೆ ಸಾಕು. ಮೇಜನ್ನೂ ಒರೆಸಿ, ಮೌಸಿಗೆ ಹತ್ತುವ ಕೊಳೆಯೆಲ್ಲ ಅಲ್ಲಿಂದಲೇ ಬರುವುದು.

ಬಲಗೈ ಈಗ ಬಹುಮಟ್ಟಿಗೆ ಸರಿಯಾಗಿದೆ. ಆದರೂ ಬೆಳಗಿನ ಹೊತ್ತು ಎಡಗೈಯಲ್ಲಿ, ಮಧ್ಯಾಹ್ನದ ಮೇಲೆ ಬಲಗೈಯಲ್ಲಿ ಕೆಲಸ ಮಾಡುವ ರೂಢಿ ಉಳಿದುಕೊಂಡಿದೆ. ಹಳೆಯ ಮೌಸ್ ಇನ್ನೂ ಖಾನೆಯಲ್ಲಿದೆ. ಬ್ಯಾಟರಿ ತೆಗೆದಿಟ್ಟಿದ್ದೇನೆ.